ಮಂಚದ ಮೇಲಿನ ಹುಡುಗ: ಜೀವ ಎರಡು

4 ಜೂನ್ 1984, ಸೋಮವಾರ

ಔಷಧಿ ಕಂಪನಿಯವನು ಕೊಟ್ಟ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ನಮ್ಮ ದಲಿತ ಸಂಘದ ಶಿಬಿರದಲ್ಲಿ ಹೇಳಿದ್ದರು, ಸಿಟ್ಟನ್ನು ಬರೆದಿಡಿ, ಇಲ್ಲದಿದ್ದರೆ ಅದು ಹೆಂಡತಿ ಮೇಲೆ ಹೋಗುತ್ತೆ ಅಂತ. ಇವತ್ತು ಬರೆಯದಿದ್ದರೆ ದ್ಯಾವಮ್ಮನಿಗೆ ಉಳಿಗಾಲವಿಲ್ಲ.

ಬೆಳಿಗ್ಗೆ ಸಾವ್ಕಾರ ಚಂದ್ರಶೇಖರಪ್ಪ ಡಿಸ್ಪೆನ್ಸರಿಗೆ ಹೇಳಿಕಳಿಸಿದ. ಹೋದೆ. ಅವನ ಒಬ್ಬನೇ ಮಗ, ಹದಿನೈದು ವರ್ಷ, ದೂರದ ಬೆಟ್ಟದ ಮೇಲಿನ ಇಂಗ್ಲಿಷ್ ಹಾಸ್ಟೆಲಿನಿಂದ ಕಾಯಿಲೆ ಹೊತ್ತುಕೊಂಡು ಬಂದಿದ್ದಾನೆ. ಕೀಲುಜ್ವರ ಹೃದಯಕ್ಕೆ ಇಳಿದಿದೆ. ಮೂರು ತಿಂಗಳು ಮಂಚ ಬಿಟ್ಟು ಇಳಿಯಬಾರದು ಅಂದಿದ್ದಾರೆ ಚಿಕ್ಕಮಗಳೂರಿನ ಡಾಕ್ಟರು. ಮೂರು ವಾರಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್, ದಿನಕ್ಕೊಂದು ಹೃದಯದ ಮಾತ್ರೆ. ಮಾತ್ರೆ ಕೊಡುವ ಮೊದಲು ನಾಡಿ ಎಣಿಸಬೇಕು. ಅರವತ್ತಕ್ಕಿಂತ ಕೆಳಗಿದ್ದರೆ ಮಾತ್ರೆ ಇಲ್ಲ. ಎಣಿಸುವವನು ನಾನು, ಎಸ್ಟೇಟಿನ ಕಾಂಪೌಂಡರ್ ಕೆಂಪಯ್ಯ.

"ದಿನಾ ಎರಡು ಗಂಟೆಗೆ ಬಾ. ಒಂದು ಗಂಟೆ ಅವನ ಹತ್ರ ಕೂತಿರು, ಬೇಜಾರು ಮಾಡ್ಕೊಳ್ತಾನೆ. ಹಿಂದ್ಗಡೆ ಬಾಗ್ಲಿಂದ ಬಾ ಮತ್ತೆ. ಮುಂದ್ಗಡೆ ನಾಯಿ ಕಟ್ಟಿರ್ತೀವಿ."

ನಾಯಿ ಹೋದ ವರ್ಷವೇ ಸತ್ತಿದೆ. ನನಗೂ ಗೊತ್ತು, ಅವನಿಗೂ ಗೊತ್ತು. ಕೂಲಿಯವರ ಮನೆಗಳಿರುವ ಈ ಲೈನಿನ ಮಕ್ಕಳಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲನೇ ಹೊಲೆಯ ನಾನು. ಸೂಜಿ ಹಿಡಿದ ಕೈ ಒಳಗೆ ಬರಬಹುದು, ಕೈಯ ಹಿಂದಿರುವ ಮೈ ಹಿತ್ತಲಿನಿಂದ ಬರಬೇಕು.

ಐದು ವರ್ಷದ ಕೆಳಗೆ ಇದೇ ಬಂಗಲೆಯ ಮೆಟ್ಟಿಲ ಕೆಳಗೆ ನಿಂತು ಮೂರು ಸಲ ಜೀಪು ಕೇಳಿದ್ದೆ. ನನ್ನ ಮಗಳು ಚೆಲುವಿಗೆ ಗಂಟಲುಮಾರಿ. ಅದರ ಮದ್ದು ಚಿಕ್ಕಮಗಳೂರಿನಲ್ಲಿ ಬಿಟ್ಟರೆ ಇಲ್ಲ. ಜೀಪು ಕಡೂರು ಸ್ಟೇಷನ್ನಿಗೆ ಹೋಗಬೇಕು, ಕಾಫಿ ಕೊಳ್ಳೋರು ಬರ್ತಾರೆ ಅಂದ. ಮೂರು ಸಲವೂ ಅದನ್ನೇ ಅಂದ. ಮಾರನೇ ದಿನ ಮಲ್ಲಂದೂರಿನಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ನನ್ನ ತೊಡೆ ಮೇಲೆ ಅವಳ ಉಸಿರು ನಿಂತಿತು. ಬಸ್ಸು ಹತ್ತು ನಿಮಿಷಕ್ಕೆ ಬಂತು.

ಈಗ ಅವನ ಮಗನ ನಾಡಿ ನನ್ನ ಬೆರಳಿನ ಕೆಳಗೆ. ತೊಂಬತ್ತಾರು ಇತ್ತು. ನನ್ನದನ್ನು ಎಣಿಸಿಕೊಳ್ಳಲಿಲ್ಲ.

9 ಜೂನ್

ಸಾವ್ಕಾರನ ಮಗ ಬಾಯಿ ಮುಚ್ಚುವುದಿಲ್ಲ. ನಾನು ಮಾತಾಡಬಾರದು ಅಂತ ನಾಡಿ ಎಣಿಸಿ, ಗೋಡೆ ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಇವತ್ತು ದಿಂಬಿನ ಪಕ್ಕದಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದ. ಅವನ ಸ್ಕೂಲಿನಲ್ಲಿ ಓದುವ ಅಮೆರಿಕದ ಪಾದ್ರಿಯ ಮಗ ಕೊಟ್ಟಿದ್ದಂತೆ. ಒಂದು ಆಟ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬ ಕಥೆ ಹೇಳುತ್ತಾ ಹೋಗಬೇಕು: ಮುಂದೆ ಗುಹೆ ಇದೆ, ಒಳಗಿಂದ ಹೊಗೆ ಬರುತ್ತಿದೆ ಅಂತ. ಇನ್ನೊಬ್ಬ ವೀರ. ಅವನು, ನಾನು ಹೀಗೆ ಮಾಡ್ತೀನಿ ಅನ್ನಬೇಕು. ಆಗುತ್ತೋ ಇಲ್ಲವೋ, ದಾಳ ಹೇಳುತ್ತೆ. ಒಬ್ಬೊಬ್ಬರಿಗೆ ಇಷ್ಟಿಷ್ಟು ಜೀವ. ಏಟು ಬಿದ್ದಂತೆ ಜೀವ ಇಳಿಯುತ್ತೆ, ಸೊನ್ನೆಯಾದರೆ ಸತ್ತ.

"ಕಾಂಪೌಂಡರ್ರೇ, ನೀವು ವೀರ ಆಗಿ. ಒಬ್ನೇ ಆಡೋಕಾಗಲ್ಲ."

"ಗುಹೇಲಿ ಯಾರಿದಾರೆ?"

"ರಾಕ್ಷಸರು."

"ಏನ್ ಮಾಡಿದಾರೆ?"

"ಅಂದ್ರೆ?"

"ನಾನು ಹೋಗಿ ಕಡೀಬೇಕಲ್ಲಪ್ಪಾ. ಅವ್ರು ಏನ್ ಮಾಡಿದ್ದಕ್ಕೆ?"

ಪುಸ್ತಕ ತಿರುವಿದ. "ಕೆಟ್ಟವರು ಅಂತ ಬರ್ದಿದೆ."

"ಬರ್ದೋರ್ಯಾರು?"

ನಿಜವಾಗಿ ಮೊದಲನೇ ಪುಟಕ್ಕೆ ಹೋಗಿ ಹೆಸರು ಹುಡುಕಿದ. ನಗು ಬಂತು, ನುಂಗಿಕೊಂಡೆ.

ಬರೆದಿದೆಯಂತೆ! ನಮ್ಮನ್ನೂ ಹೀಗೆಯೇ ಬರೆದರು. ಕಾಡಿನಲ್ಲಿ ಇದ್ದವರು, ಕಪ್ಪಗೆ ಇದ್ದವರು, ಮಾಂಸ ತಿಂದವರು. ಮೊದಲು ಬರೆದರು, ಆಮೇಲೆ ಕಡಿದರು, ಆಮೇಲೆ ಕಡಿದ ದಿನಕ್ಕೆ ಹೋಳಿಗೆ ಮಾಡಿದರು. ಅಮೆರಿಕದಲ್ಲೂ ಅದೇ ಪುರಾಣ. ರಾಕ್ಷಸನ ಗುಹೆಯಲ್ಲಿ ನಿಧಿ ಇರುತ್ತದಂತೆ, ಕೊಂದವನಿಗೆ ಅದು ಸಲ್ಲುತ್ತದಂತೆ. ಕೊಲ್ಲುವುದಕ್ಕೆ ಕಾರಣ ಬೇರೆ ಬೇಕಾ?

13 ಜೂನ್

ಇಪ್ಪತ್ತು ಮುಖದ ದಾಳವನ್ನು ಹಾಸ್ಟೆಲಿನಲ್ಲೇ ಬಿಟ್ಟು ಬಂದಿದ್ದಾನೆ. ಅದಿಲ್ಲದೆ ಆಟ ಇಲ್ಲ ಅಂತ ಮುಖ ಸಣ್ಣ ಮಾಡಿಕೊಂಡ. ಸ್ಟೋರಿನಿಂದ ಬಿಲ್ಲೆ ಚೀಲ ತಂದುಕೊಟ್ಟೆ. ಕಾಫಿ ಹಣ್ಣು ಕೊಯ್ಯುವಾಗ ಒಬ್ಬೊಬ್ಬ ಹೆಂಗಸಿನ ಚೀಲಕ್ಕೂ ಕಟ್ಟುವ ಹಿತ್ತಾಳೆ ನಂಬರು. ಮಳೆಗಾಲದಲ್ಲಿ ಯಾರಿಗೂ ಬೇಡ. ಒಂದರಿಂದ ಇಪ್ಪತ್ತರವರೆಗೆ ಆರಿಸಿ ಬಟ್ಟೆಚೀಲಕ್ಕೆ ಹಾಕಿದೆ. ಕೈ ಹಾಕಿ ಒಂದು ಎತ್ತುವುದು. ದೊಡ್ಡ ನಂಬರು ಬಂದರೆ ಏಟು ಬಿತ್ತು.

"ಇದು ಯಾರ್ದು?" ಅಂತ ಒಂದೊಂದನ್ನೂ ಕೇಳಿದ. ಐದನೇ ನಂಬರು ಬೆಳ್ಳಿಯಪ್ಪ ಮೇಸ್ತ್ರಿಯ ಅತ್ತೆಯದು. ಹದಿನೇಳು ನನ್ನ ಹೆಂಡತಿಯದು. ಹದಿನೇಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ, ಮನುಷ್ಯರನ್ನೇ ತೂಗುವ ಹಾಗೆ.

ಮನೆಯಲ್ಲಿ ದ್ಯಾವಮ್ಮ: "ಸಾವ್ಕಾರ್ರ ಮನೇಲಿ ಕುಂಟೆಬಿಲ್ಲೆ ಆಡಕ್ಕೆ ಹೋಗ್ತೀಯಂತೆ. ಸಂಘದೋರಿಗೆ ಹೇಳ್ಲಾ?"

ಡ್ಯೂಟಿ ಅಂದೆ.

"ಡ್ಯೂಟಿಗೆ ಯಾಕೆ ತಲೆ ಬಾಚ್ಕಂಡು ಹೋಗ್ತೀಯ ಮತ್ತೆ?"

20 ಜೂನ್

ಗುಹೆಯೊಳಗೆ ಹೋಗಿದ್ದೇವೆ. ಈ ವಾರದಲ್ಲಿ ನಾನು ಆರು ರಾಕ್ಷಸರನ್ನು ಕೊಂದೆ. ಒಂದು ಮಾತು ಬರೆದಿಡುತ್ತೇನೆ, ಯಾರೂ ಓದುವುದಿಲ್ಲವಲ್ಲ. ಮೂರನೆಯವನನ್ನು ಕೊಲ್ಲುವಾಗ ಹತ್ತೊಂಬತ್ತು ಬಂತು, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹುಡುಗ ಚಪ್ಪಾಳೆ ಹೊಡೆದ. ಒಳಗಿನಿಂದ ಅಮ್ಮನವರು ಬಂದು, ಅವನಿಗೆ ಆಯಾಸ ಮಾಡ್ಬೇಡಿ ಅಂತ ನನಗೇ ಬೈದರು.

ಇವತ್ತು ಕೊನೆಯ ಕೋಣೆ. "ಒಳಗೆ ಹುಲ್ಲಿನ ಹಾಸಿಗೆ. ಎಂಟು ಮರಿಗಳು. ರಾಕ್ಷಸರ ಮಕ್ಕಳು. ಮೂಲೇಲಿ ಒತ್ಕೊಂಡು ಕೂತಿದಾವೆ. ಏನ್ ಮಾಡ್ತೀರಿ?"

"ಬಾಗಿಲು ಮುಚ್ಚಿ ಬರ್ತೀನಿ."

"ಹಾಸ್ಟೆಲಲ್ಲಿ ನಾವು ಎಲ್ಲಾರನ್ನೂ ಕೊಂದ್ವಿ. ದೊಡ್ಡೋರಾದ್ರೆ ಅವೂ ನಮ್ಮನ್ನ ಕೊಲ್ತವಲ್ಲ?"

"ನೀನೂ ಕೊಂದ್ಯಾ?"

"ನಂಗೆ ಎರಡು ಸಿಕ್ಕಿದ್ವು."

ಎದ್ದು ನಿಂತೆ. ಹುಟ್ಟಿದ್ದೇ ತಪ್ಪಾ ಅಂದೆ. ರಾಕ್ಷಸನ ಹೊಟ್ಟೇಲಿ ಹುಟ್ಟಿದ್ದಕ್ಕೆ ಮಗು ರಾಕ್ಷಸ ಆಗುತ್ತಾ? ತೊಟ್ಟಿಲಲ್ಲಿರೋದಕ್ಕೆ ಯಾವ ಜಾತಿ, ಯಾವ ಪಾಪ? ಇನ್ನೂ ಏನೇನೋ ಅಂದೆ. ಮಲ್ಲಂದೂರು ಬಸ್‌ಸ್ಟ್ಯಾಂಡಿನಲ್ಲಿ ಭಾಷಣ ಮಾಡಿದರೂ ಅಷ್ಟು ಗಂಟಲು ಏರುತ್ತಿರಲಿಲ್ಲ. ಹುಡುಗ ಕಣ್ಣುಬಿಟ್ಟುಕೊಂಡು ಕೇಳಿದ. ಕೊನೆಗೆ "ನಂಗೆ ಹಂಗೆ ಯಾರೂ ಹೇಳಿರ್ಲಿಲ್ಲ" ಅಂದ.

ದಾರಿಯಲ್ಲಿ ಸಿಟ್ಟು ಇಳಿಯಲಿಲ್ಲ. ಎರಡು ಸಿಕ್ಕಿದವಂತೆ, ಏಡಿ ಹಿಡಿದವನ ಹಾಗೆ ಹೇಳುತ್ತಾನೆ. ಯಾರ ಮಗ ಅವನು? ಅಪ್ಪನ ರಕ್ತ ಎಲ್ಲಿ ಹೋಗುತ್ತೆ? ಹಾವಿನ ಮರಿ ಹಾವೇ ಆಗೋದು, ಎರೆಹುಳ ಆಗಲ್ಲ.

23 ಜೂನ್

ನಾಡಿ 88. ಒಳ್ಳೆಯದು.

ಸತ್ತ ಆರು ಜನ ರಾಕ್ಷಸರಿಗೂ ಹುಡುಗ ಹೆಸರಿಟ್ಟು ಬರೆದಿದ್ದಾನೆ. ಆ ಎಂಟು ಮರಿಗಳಿಗೆ ಈಗ ಅನ್ನ ಹಾಕುವವರು ಯಾರು ಅಂತ ನನ್ನನ್ನೇ ಕೇಳಿದ. ನನಗೇನು ಗೊತ್ತು ಅಂದೆ. ಗುಹೆಯ ಪಕ್ಕದಲ್ಲಿ ಒಬ್ಬಳು ಅಜ್ಜಿಯನ್ನು ಇಟ್ಟಿದ್ದಾನೆ, ಅವಳು ನೋಡಿಕೊಳ್ಳುತ್ತಾಳಂತೆ. ಅಜ್ಜಿಗೆ ಜೀವ ನಾಲ್ಕು.

ಅವನ ಕನ್ನಡ ಕಾಗುಣಿತ ಕೆಟ್ಟದಾಗಿದೆ. ತಿದ್ದಿದೆ. ಡ್ಯೂಟಿಯಲ್ಲ ಇದು, ಆದರೂ ಕಣ್ಣಿಗೆ ಚುಚ್ಚುತ್ತೆ.

2 ಜುಲೈ

ನಿನ್ನೆ ಇಂಜೆಕ್ಷನ್. ಅತ್ತೂ ಅಳದ ಹಾಗೆ ದಿಂಬು ಕಚ್ಚಿಕೊಂಡ. ಆ ಮದ್ದು ಎಷ್ಟು ಉರಿ ಅಂತ ಕೊಡುವವನಿಗೆ ಗೊತ್ತು.

ಇವತ್ತು ನಾನೇ ಒಂದು ಮಾತು ಹೇಳಿದೆ. "ಈ ಸಲ ನಾನು ರಾಕ್ಷಸ. ಗುಹೆ ನಮ್ಮದು. ಆ ಕಡೆ ಬೆಟ್ಟದ ಮೇಲೆ ಒಂದು ದೊಡ್ಡ ಬಂಗಲೆ ಇದೆ. ನಾನು ಅಲ್ಲಿಗೆ ನುಗ್ತೀನಿ."

ಹುಡುಗನ ಹೆಸರು ನಿರಂಜನ. ಅವನ ಕಣ್ಣು ಅಷ್ಟಗಲ ಆದವು. "ನಮ್ಮ ಬಂಗಲೆ ತರದ್ದು?"

"ಯಾವುದಾದ್ರೂ ಸರಿ."

"ರಾಕ್ಷಸನ ಹೆಸರು?"

"ಕರಿಯ." ನಮ್ಮಪ್ಪನ ಹೆಸರು ಅದು. ಬಾಯಿಗೆ ಬಂತು.

"ಕರಿಯ ಏನ್ ತರೋಕೆ ಹೋಗ್ತಾನೆ? ನಿಧಿಯಾ?"

"ಜೀಪು."

ನಾನು ಯೋಚನೆ ಮಾಡಿ ಹೇಳಿದ್ದಲ್ಲ. 

"ಜೀಪು ಯಾಕೆ?"

"ಬೇಕು ಅವನಿಗೆ."

ಅವನು ನೋಟುಬುಕ್ಕಿನಲ್ಲಿ ನಕ್ಷೆ ಹಾಕತೊಡಗಿದ. ಇಣುಕಿದರೆ ಮುಚ್ಚಿಕೊಂಡ. "ಕಥೆ ಹೇಳೋನ ಬುಕ್ಕು ಆಡೋರು ನೋಡಬಾರ್ದು. ಯಾವ ಕೋಣೇಲಿ ಯಾರಿದಾರೆ, ಅವ್ರು ಏನ್ ಮಾಡ್ತಾರೆ, ಎಲ್ಲಾ ಮೊದ್ಲೇ ಬರ್ದಿರ್ತೀನಿ. ನೀವು ಕೇಳ್ತಾ ಕೇಳ್ತಾ ತಿಳ್ಕೊಬೇಕು."

"ಮುಂಬಾಗಿಲಲ್ಲಿ ನಾಯಿ ಇದೆಯಾ?" ಅಂದೆ.

"ಇಲ್ವಲ್ಲ. ಅದು ಹೋದ ವರ್ಷಾನೇ ಸತ್ತೋಯ್ತು. ಮುಂಬಾಗ್ಲಿಂದಾನೇ ಬನ್ನಿ."

ಆಟದಲ್ಲಿ ಇವತ್ತು ಮುಂಬಾಗಿಲಿನಿಂದ ಒಳಗೆ ಹೋದೆ.

10 ಜುಲೈ

ಪಾದ ಊದಿದೆ. ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತೆ. ಮೂರು ದಿಂಬು ಇಟ್ಟುಕೊಂಡು ಒರಗಿಯೇ ಇರುತ್ತಾನೆ. ಡಾಕ್ಟರಿಗೆ ಚೀಟಿ ಬರೆದು ಹಸನ್ ಕೈಯಲ್ಲಿ ಕಳಿಸಿದ್ದೆ. ಮೈಯ ನೀರು ಇಳಿಸುವ ಮಾತ್ರೆ ಬರೆದುಕೊಟ್ಟಿದ್ದಾರೆ.

ಎಸ್ಟೇಟ್ ಜೀಪಿನ ಡ್ರೈವರ್ ಹಸನ್. ಜೀಪು ಕೆಟ್ಟರೆ ಬಿಚ್ಚುವವನೂ ಅವನೇ. ಶೆಡ್ಡಿನಲ್ಲಿ ಜೀಪಿನ ಕೆಳಗಿನಿಂದ ಬರೀ ಕಾಲು ಕಾಣುತ್ತಿತ್ತು.

"ಮಾರಾಯ, ಚಿಕ್ಕ ಸಾವ್ಕಾರ್ರು ನನ್ನ ಹತ್ರ ಜೀಪಿನ ಬಗ್ಗೆ ಏನೇನೋ ಕೇಳ್ತಾರಲ್ಲ. ಕೀ ಎಲ್ಲಿಡ್ತೀರಿ, ಚಿಕ್ಕಮಗಳೂರಿಗೆ ಎಷ್ಟು ಹೊತ್ತು ಬೇಕು ಅಂತ. ಗಾಡಿ ಕದ್ದು ಓಡೋ ಪ್ಲಾನಾ ಹೆಂಗೆ?"

"ಆಟಕ್ಕೆ."

ಕಾಲು ಅಲುಗಾಡುವುದು ನಿಂತಿತು. ಹೊರಗೆ ಸರಿದು ಬಂದ, ಮುಖ ತುಂಬ ಗ್ರೀಸು. "ಕೆಂಪಯ್ಯ, ಕಾಂಪೌಂಡರ್ರಿಗೆ ಯಾಕೆ ಜೀಪು ಬೇಕಿತ್ತು ಅಂತ ಕೇಳಿದ್ರು. ನಾನು ಹೇಳ್ಬಿಟ್ಟೆ. ಕೀ ಅವತ್ತು ನನ್ನ ಜೇಬಲ್ಲೇ ಇತ್ತಲ್ಲ ಮಾರಾಯ. ಐದು ವರ್ಷದಿಂದ ಹೇಳೋಕೆ ಯಾರೂ ಕೇಳಿರ್ಲಿಲ್ಲ."

ನಾನು ಶೆಡ್ಡಿನಿಂದ ಹೊರಟು ಬಂದೆ. ಹಸನ್ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ಇವತ್ತು ಬಂತು. ನನ್ನ ಮಗಳ ಸಾವು ಅವರ ಮನೆಯ ಮಂಚಕ್ಕೆ ಹೋಗಬಾರದಿತ್ತು.

17 ಜುಲೈ, ಮಂಗಳವಾರ

ಚೆಲುವಿ ಹೋಗಿ ಐದು ವರ್ಷ. ದ್ಯಾವಮ್ಮ ಬೆಳಿಗ್ಗೆ ಒಂದು ಮುದ್ದೆ ಜಾಸ್ತಿ ಕಟ್ಟಿ, ಮಡಕೆಯ ಮೇಲೆ ಇಟ್ಟು, ಕೆಲಸಕ್ಕೆ ಹೋದಳು. 

ಹೋಗಬಾರದಿತ್ತು. ಹೋದೆ. ಹಿಂದಿನ ಬಾಗಿಲ ಹತ್ತಿರ ಸಾವ್ಕಾರ ಎದುರಾದ. "ಏನೋ ಕೆಂಪಯ್ಯ, ಐದು ನಿಮಿಷ ಲೇಟು" ಅಂದ. ಅವನಿಗೆ ಇವತ್ತು ಮಂಗಳವಾರ ಅಷ್ಟೇ.

ನಾಡಿ 104. ಸಾವ್ಕಾರನ ಮಗ ಬಿಲ್ಲೆ ಚೀಲ ತಯಾರಾಗಿ ಇಟ್ಟುಕೊಂಡಿದ್ದ. ಬೇಡ ಅನ್ನೋಣ ಅಂದುಕೊಂಡೆ, ಆಗಲೇ ಶುರು ಮಾಡಿದ್ದ. ಕರಿಯ ಹಜಾರ ದಾಟಿದ. ಅಡಿಗೆಮನೆ ದಾಟಿದ. ಇಬ್ಬರು ಕಾವಲಿನವರನ್ನು ಹೊಡೆದು ಉರುಳಿಸಿದ. ನನ್ನ ಕೈ ಚೀಲದೊಳಗೆ ಹೋದಷ್ಟು ಸಲವೂ ದೊಡ್ಡ ನಂಬರೇ ಬಂತು.

"ಕೊನೇ ಕೋಣೆ" ಅಂದ. ಉಸಿರು ಎಳೆದುಕೊಂಡು ಎಳೆದುಕೊಂಡು ಹೇಳಿದ. "ಒಂದು ಮಂಚ ಇದೆ. ಮಂಚದ ಮೇಲೆ ಒಬ್ಬ ಹುಡುಗ. ಕೈಯಲ್ಲಿ ಕತ್ತಿ ಗಿತ್ತಿ ಇಲ್ಲ. ಎದ್ದು ಓಡೋಕಾಗಲ್ಲ. ಜೀಪಿನ ಕೀ ಅವನ ದಿಂಬಿನ ಕೆಳಗಿದೆ. ನಿಮ್ಮನ್ನೇ ನೋಡ್ತಿದಾನೆ. ಕರಿಯ ಏನ್ ಮಾಡ್ತಾನೆ?"

ಕೂಗಿದರೆ ಅವನ ಅಪ್ಪ ಬರುತ್ತಾನೆ. ಅಪ್ಪ ಬಂದರೆ ಕೀ ಹೋಯಿತು. ಅಷ್ಟೇ ಹೊಳೆದದ್ದು ನನಗೆ.

"ಹೊಡೀತಾನೆ" ಅಂದೆ.

ನನ್ನ ಮುಖ ನೋಡಿದ. "ಹನ್ನೆರಡರ ಮೇಲೆ ಬರ್ಬೇಕು."

ಹದಿನೇಳು ಬಂತು. ದ್ಯಾವಮ್ಮನ ಬಿಲ್ಲೆ.

"ಅವನ ಜೀವ ಎರಡೇ ಇತ್ತು" ಅಂದು ಬುಕ್ಕಿನಲ್ಲಿ ಗೀಟು ಎಳೆದ. ಮುನಿಸಿಲ್ಲ, ಅಳುವಿಲ್ಲ. "ಸತ್ತ. ಕೀ ಸಿಕ್ತು ನಿಮಗೆ." ಆಮೇಲೆ ಪೆನ್ಸಿಲ್ ಹಿಡಿದುಕೊಂಡೇ ಕೇಳಿದ: "ಈಗ ಹೊರಟ್ರೆ ಅವಳು ಆಸ್ಪತ್ರೆ ಮುಟ್ತಾಳಲ್ವಾ? ಚೆಲುವಿಗೆ ಎಷ್ಟು ವಯಸ್ಸು?"

ಆ ಹೆಸರನ್ನು ಆ ಮನೆಯಲ್ಲಿ, ಆ ಬಾಯಿಯಲ್ಲಿ. ನಾನು ಎದ್ದು ಬಂದುಬಿಟ್ಟೆ. ಮಾತ್ರೆ ಮೇಜಿನ ಮೇಲಿಟ್ಟಿದ್ದೆನೋ ಇಲ್ಲವೋ, ನೆನಪಿಲ್ಲ.

ಆಟ ತಾನೇ. ನಾನೇನು ಹೊಡೆದೆನಾ? ಹಿತ್ತಾಳೆ ಬಿಲ್ಲೆ ಅದು.

18 ಜುಲೈ

ಹೋಗಲಿಲ್ಲ. ಜ್ವರ ಅಂತ ಹೇಳಿಕಳಿಸಿದೆ.

19 ಜುಲೈ

ಹೋಗಲಿಲ್ಲ.

20 ಜುಲೈ

ಹೋಗಲಿಲ್ಲ. ಡಿಸ್ಪೆನ್ಸರಿಯಲ್ಲಿ ಕಜ್ಜಿ ಮುಲಾಮು ಕಟ್ಟಿದೆ. ಎರಡು ಗಂಟೆಗೆ ಕೈ ತಾನಾಗಿ ಗಡಿಯಾರ ತೆಗೆಯಿತು.

"ಜ್ವರ ಇಲ್ದೋನು ಜ್ವರ ಅಂತೀಯ. ಆ ಹುಡುಗನ ಮೇಲೆ ಏನ್ ತೀರಿಸ್ಕಂತಿದೀಯ?" ಅಂದಳು ದ್ಯಾವಮ್ಮ. ಅವಳಿಗೆ ಏನೂ ಹೇಳಿಲ್ಲ. ಅವಳಿಗೆ ಹೇಗೆ ಗೊತ್ತಾಗುತ್ತೆ?

22 ಜುಲೈ, ಚಿಕ್ಕಮಗಳೂರು ಆಸ್ಪತ್ರೆ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತಕ್ಕೆ ಸಾವ್ಕಾರ ಲೈನಿಗೆ ಬಂದ. ಅವನ ಕಾಲು ಲೈನಿನ ಕೆಸರಿಗೆ ಬಿದ್ದದ್ದು ನಾನು ಹುಟ್ಟಿದಮೇಲೆ ಅದೇ ಮೊದಲು. ಛತ್ರಿ ಇಲ್ಲ, ಚಪ್ಪಲಿ ಒಂದೇ ಕಾಲಲ್ಲಿ. "ಉಸಿರು ಎಳೀತಿದಾನೆ ಕಣೋ. ಬಾರೋ" ಅಂದ. ಬಾಗಿಲ ಹೊರಗೇ ನಿಂತ. ಒಳಗೆ ಬನ್ನಿ ಅಂತ ನಾನು ಅನ್ನಲಿಲ್ಲ. ಓಡಿದೆ.

ತುಟಿ ನೀಲಿ. ನಾಡಿ ಎಣಿಸಲಾಗಲಿಲ್ಲ, ಬೆರಳಿನ ಕೆಳಗೆ ಹಕ್ಕಿ ಮರಿ ಸಿಕ್ಕ ಹಾಗೆ ಪಟಪಟ. ಜೀಪಿನ ಹಿಂದಿನ ಸೀಟಿನಲ್ಲಿ ನನ್ನ ಎದೆಗೆ ಒರಗಿಸಿಕೊಂಡು ಕೂತೆ, ಮಲಗಿಸಿದರೆ ಉಸಿರು ಕಟ್ಟುತ್ತೆ. ಅವನಪ್ಪ ಮುಂದೆ. ಹಸನ್ ಓಡಿಸಿದ. ನಾಲ್ಕನೇ ತಿರುವಿನಲ್ಲಿ ದೊಡ್ಡ ಮರ ರಸ್ತೆಗೆ ಅಡ್ಡ ಮಲಗಿತ್ತು.

ಹಸನ್ ಸ್ಟೇರಿಂಗಿಗೆ ಹಣೆ ಇಟ್ಟ. "ಯಾ ಅಲ್ಲಾಹ್, ಮತ್ತೆ ಬೇಡ" ಅಂದ. ಮತ್ತೆ ಅಂದದ್ದು ನನಗೂ ಅವನಿಗೂ ಮಾತ್ರ ಗೊತ್ತಿದ್ದ ಮಾತು.

ಕಾಲು ಗಂಟೆಯೂ ಆಗಿರಲಿಲ್ಲ. ಹಿಂದಿನ ತಿರುವಿನಿಂದ ಜನ ಬಂದರು. ಹೆಗಲ ಮೇಲೆ ಕೊಡಲಿ, ಇಬ್ಬರು ಹಿಡಿಯುವ ಗರಗಸ, ತಲೆ ಮೇಲೆ ಮಳೆಗೆ ಹೊದ್ದ ಕಂಬಳಿ ಕೊಪ್ಪೆ. ಹದಿನೈದು ಜನ. ದ್ಯಾವಮ್ಮ ಮನೆಮನೆ ಬಾಗಿಲು ಬಡಿದು, ಈ ಮಳೇಲಿ ದಾರೀಲಿ ಮರ ಬೀಳದೆ ಇರಲ್ಲ, ಜೀಪಿನ ಹಿಂದೆ ಓಡಿ ಅಂತ ಅಟ್ಟಿದ್ದಳಂತೆ. ಸಾವ್ಕಾರ ಇಳಿದು ಕೈ ಮುಗಿಯಲು ಹೋದ. ಬೆಳ್ಳಿಯಪ್ಪ ಮೇಸ್ತ್ರಿ ಅವನ ಮುಖ ಕೂಡ ನೋಡಲಿಲ್ಲ. "ಆ ಕಡೆ ನಿಂತ್ಕಳಿ ಸಾವ್ಕಾರ್ರೇ, ಕೊಂಬೆ ಬೀಳುತ್ತೆ."

ಗರಗಸದ ಸದ್ದಿನ ನಡುವೆ ನಿರಂಜನ ಮಾತಾಡಿದ. ನಾನು ಸುಮ್ಮನಿರು ಅಂದರೂ ಬಿಡಲಿಲ್ಲ.

"ನೀವು ಬರ್ಲೇ ಇಲ್ಲ."

"ಜ್ವರ ಇತ್ತಪ್ಪಾ."

"ಸುಳ್ಳು" ಅಂದ. ನಕ್ಕನೋ ಕೆಮ್ಮಿದನೋ. "ನಿಮಗೆ ಬೇಜಾರಾಗ್ಲಿ ಅಂತ ಕೇಳಿದ್ದಲ್ಲ. ಮುಂದಿಂದು ಬರೀಬೇಕಿತ್ತು, ಅದಕ್ಕೆ."

"ನಾಳೆ ಆಡೋಣ."

"ಆ ಹುಡುಗ ಸತ್ತಿದಾನಲ್ಲ. ಆದ್ರೂ ಪರ್ವಾಗಿಲ್ಲ. ಜೀಪು ಹೋಗ್ಲಿ."

ಮರ ಎರಡು ತುಂಡಾಗಲು ಮುಕ್ಕಾಲು ಗಂಟೆ ಹಿಡಿಯಿತು. ಮಲ್ಲಂದೂರು ಬಸ್‌ಸ್ಟ್ಯಾಂಡು ಬಂದಾಗ ನಾನು ಕಣ್ಣು ಮುಚ್ಚಿಕೊಂಡು ಅವನ ಉಸಿರು ಮಾತ್ರ ಎಣಿಸುತ್ತಿದ್ದೆ. ಇಲ್ಲಿ ಬೇಡ, ಇಲ್ಲಿ ಬೇಡ, ಇಲ್ಲಿ ಬೇಡ. ದಾಟಿತು.

ಆಸ್ಪತ್ರೆ ಮುಟ್ಟಿದೆವು. ಆಕ್ಸಿಜನ್ ಹಾಕಿದ್ದಾರೆ.

23 ಜುಲೈ

ಬೆಳಿಗ್ಗೆ ಒಂಬತ್ತೂವರೆಗೆ ನಿರಂಜನ ಹೋದ.

ಹೃದಯದ ಕವಾಟ ಪೂರ್ತಿ ಹಾಳಾಗಿತ್ತು, ಯಾರು ಏನು ಮಾಡಿದರೂ ಇಷ್ಟೇ ಅಂದರು ಡಾಕ್ಟರು. ಆ ಮೂರು ದಿನ ನಾಡಿ ಎಣಿಸಿದವರು ಯಾರು ಅಂತ ಕೇಳಲಿಲ್ಲ. ಕೇಳಬೇಕಿತ್ತು.

24 ಜುಲೈ

ಮಣ್ಣು ಮಾಡಿದರು. ಅವರಲ್ಲಿ ಕೂರಿಸಿ ಹೂಳುತ್ತಾರೆ. ಮಂಚದ ಮೇಲೆ ಒರಗಿ ಕೂರುತ್ತಿದ್ದ ಹಾಗೆಯೇ ಇದ್ದ. ಲೈನಿನವರೆಲ್ಲ ಬೇಲಿಯ ಆಚೆ ನಿಂತಿದ್ದೆವು. ನಿನ್ನೆ ಮರ ಕಡಿದ ಕೈಗಳಿಗೆ ಇವತ್ತು ಹಿಡಿ ಮಣ್ಣು ಹಾಕುವ ಅಪ್ಪಣೆ ಇಲ್ಲ. ಮರ ಕಡಿದದ್ದು ಆಚೆಮೊನ್ನೆ. ದಿನ ತಪ್ಪಿಹೋಗುತ್ತಿದೆ ನನಗೆ.

ದ್ಯಾವಮ್ಮ ಅತ್ತಳು. ಚೆಲುವಿಗೆ ಅತ್ತ ಮೇಲೆ ಅವಳು ಅತ್ತದ್ದು ನಾನು ನೋಡಿರಲಿಲ್ಲ.

6 ಆಗಸ್ಟ್, ಸೋಮವಾರ

ಎರಡು ಗಂಟೆಗೆ ಸಾವ್ಕಾರ ಬರಹೇಳಿದ. ಹಿತ್ತಲ ಬಾಗಿಲು ಹಾಕಿತ್ತು. ಮುಂಬಾಗಿಲಿನಿಂದ ಹೋದೆ. ಯಾರೂ ಏನೂ ಅನ್ನಲಿಲ್ಲ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಏಕಾಂತಪ್ಪ ಅಲ್ಲಿದ್ದ, ಕೈ ಕಟ್ಟಿಕೊಂಡು. ಮೇಜಿನ ಮೇಲೆ ನಿರಂಜನನ ನೋಟುಬುಕ್ಕು.

"ಇದರಲ್ಲಿ ಬಂಗಲೆ ನಕ್ಷೆ ಇದೆ" ಅಂದ ಸಾವ್ಕಾರ. "ಯಾವ ಬಾಗ್ಲಲ್ಲಿ ಎಷ್ಟು ಕಾವಲು, ಯಾರು ಎಲ್ಲಿ ಮಲಗ್ತಾರೆ, ಎಲ್ಲಾ ಇದೆ. ನನ್ನ ಹೆಸರಿನ ಮುಂದೆ ಜೀವ ಮೂವತ್ತು ಅಂತ ಇದೆ. ಕೊಂದವರು ಕರಿಯ, ಕಾಂಪೌಂಡರ್ರು ಅಂತ ಇದೆ. ಅಕ್ಷರ ನನ್ನ ಮಗಂದು. ಏಕಾಂತಪ್ಪ ಸ್ಟೇಷನ್ನಿಗೆ ಕೊಡೋಣ ಅಂತಾನೆ."

"ಸಂಘದೋರ ಕೆಲಸ ಸಾರ್ ಇದು" ಅಂದ ಏಕಾಂತಪ್ಪ. "ಪಾಪದ ಹುಡುಗನ್ನ ಹಿಡ್ಕೊಂಡು..."

"ನೀನು ಹೊರಗಿರು" ಅಂದ ಸಾವ್ಕಾರ. ಅವನು ಹೋದಮೇಲೆ ನನಗೆ, "ಏನಿದು?"

"ಆಟ."

"ಓದು."

ಓದಿದೆ. ಗೇಟು, ಹಜಾರ, ಅಡಿಗೆಮನೆ. ನಾನು ತಿದ್ದಿದ ಕಾಗುಣಿತ, ತಿದ್ದಿದಮೇಲೂ ತಪ್ಪಿದ ಕಾಗುಣಿತ. ಕೊನೆಯ ಕೋಣೆ ಬಂತು. ಮಂಚದ ಮೇಲಿನ ಹುಡುಗ. ಜೀವ ಎರಡು. ಆಯುಧ ಇಲ್ಲ. ಕೀ ದಿಂಬಿನ ಕೆಳಗೆ. ಅದರ ಕೆಳಗೆ ಇನ್ನೊಂದು ಸಾಲಿತ್ತು, ಆಡುವವನಿಗೆ ತೋರಿಸಬಾರದ ಸಾಲು. ಅಲ್ಲಿಗೆ ಓದು ನಿಲ್ಲಿಸಿದೆ. ಸಾವ್ಕಾರ ಬುಕ್ಕು ಕಿತ್ತುಕೊಂಡು ತಾನೇ ಓದಿದ. ತುಟಿ ಅಲ್ಲಾಡಿಸಿಕೊಂಡು, ಮಕ್ಕಳು ಓದುವ ಹಾಗೆ.

"ಕೂಗಲ್ಲ. ಕೇಳಿದರೆ ಕೊಡುತ್ತಾನೆ."

ಮಳೆ ನಿಂತಿತ್ತು. ಗೋಡೆ ಗಡಿಯಾರ ಇನ್ನೂ ನಡೆಯುತ್ತಿತ್ತು.

"ನೀನು ಕೇಳ್ಲಿಲ್ವಾ ಅವನನ್ನ?" ಅಂದ.

"ಇಲ್ಲ" ಅಂದೆ. "ನಿಮ್ಮನ್ನ ಕೇಳಿದ್ದೆ. ಮೂರು ಸಲ."

ಯಾವಾಗ ಅಂತ ಅವನು ಕೇಳಲಿಲ್ಲ. ಏನು ಅಂತಲೂ ಕೇಳಲಿಲ್ಲ.  ಆಮೇಲೆ ಬುಕ್ಕನ್ನು ನನ್ನ ಕಡೆ ತಳ್ಳಿ ಒಳಗೆ ಹೋದ. ಅವನನ್ನು ನಾನು ಕ್ಷಮಿಸಿಲ್ಲ. ಅದು ನನ್ನ ಕೈಯಲ್ಲಿಲ್ಲ. ಅದು ಏಳು ವರ್ಷದವಳೊಬ್ಬಳ ಕೈಯಲ್ಲಿದೆ.

ಆದರೆ ಇದನ್ನೂ ಬರೆಯಬೇಕು. ಕೇಳಿ ಕೇಳಿ ನಾಲಿಗೆ ಸತ್ತವರು ನಾವು, ನಿಜ. ಗುಹೆಯ ಮರಿಗಳಿಗೆ ಅಂತ ಗಂಟಲು ಹರಿದುಕೊಂಡವನು ನಾನು, ಅದೂ ನಿಜ. ಮಂಚದ ಮೇಲೆ ಒಬ್ಬ ಹುಡುಗ ನನ್ನನ್ನೇ ನೋಡುತ್ತಿದ್ದ. ಅವನು ಯಾರ ಮಗ ಅಂತ ನೋಡಿದೆ, ಹೊಡೆದೆ. ನನಗೂ ಯಾರೋ ಬರೆದುಕೊಟ್ಟಿದ್ದರು, ನಾನೂ ಪುಸ್ತಕ ನೋಡಿಯೇ ಕೊಂದೆ.

7 ಆಗಸ್ಟ್

ಬಿಲ್ಲೆ ಚೀಲ ಸ್ಟೋರಿಗೆ ಕೊಟ್ಟುಬಂದೆ. ನೋಟುಬುಕ್ಕು ನನ್ನ ಹತ್ತಿರ ಉಳಿಯಿತು.

ಮಧ್ಯಾಹ್ನ ಎರಡು ಗಂಟೆಗೆ ಡಿಸ್ಪೆನ್ಸರಿಯಲ್ಲಿ ಯಾರೂ ಇರಲಿಲ್ಲ. ಕೊನೆಯ ಪುಟ ತೆಗೆದೆ. ನಾನು ಎದ್ದು ಬಂದಮೇಲೆ ಅವನು ಒಬ್ಬನೇ ಬರೆದದ್ದು, ಪೆನ್ಸಿಲಿನಲ್ಲಿ. ಅಕ್ಷರ ಸೊಟ್ಟ.

ಜೀಪು ಗೇಟು ದಾಟಿತು. ಓಡಿಸೋರು ಹಸನ್. ದಾರೀಲಿ ಮರ ಬಿದ್ದಿಲ್ಲ. ಹಿಂದೆ ಕಾಂಪೌಂಡರ್ರು, ಅವರ ಹೆಂಡತಿ, ಮಗಳು. ಮಗಳ ಹೆಸರು ಚೆಲುವಿ. ವಯಸ್ಸು

ಅಲ್ಲಿ ಜಾಗ ಬಿಟ್ಟಿದ್ದ. ನಾನು ಹೇಳುತ್ತೇನೆ ಅಂತ.

ಪೆನ್ನು ತೆಗೆದು ಬರೆದೆ. ಏಳು.